ಗಂಟೆ ನಿಂತ ಮೇಲೆ

ಶಾಸನಸಭೆಯ ಬಾಗಿಲು ಕಾಯುತ್ತಿದ್ದ ಹಿರಿಯರಿಗೆ,

ನಮಸ್ಕಾರ. ಮತಕ್ಕೆ ಮುನ್ನ ಶಾಸಕರನ್ನು ಒಳಗೆ ಕರೆಯಲು ಬಾರಿಸುವ ಗಂಟೆ ನಿಂತೊಡನೆ ಬಾಗಿಲು ಹಾಕುವುದು ನಿಮ್ಮ ಕೆಲಸವಾಗಿತ್ತು. ಅಂದು ಹಾಕಿದ ಬಾಗಿಲನ್ನು ಹೊರಗಿನಿಂದ ಬಡಿದ ಶಾಸಕರು ನೆನಪಿರಬಹುದು. ಅವರು ನನ್ನ ಅಪ್ಪ. ಒಂದೇ ಮತದಿಂದ ಸರ್ಕಾರ ಬಿತ್ತು. ಮತ ಮಾರಿಕೊಂಡನೆಂದು ಪಕ್ಷದವರು ಹೊರಹಾಕಿದರು. ಮತ್ತೆ ಯಾರೂ ಟಿಕೆಟ್ ಕೊಡಲಿಲ್ಲ. ತಡವಾದದ್ದೇಕೆಂದು ಅಪ್ಪ ಯಾರಲ್ಲೂ ಬಾಯಿ ಬಿಡಲಿಲ್ಲ. ನಿಮ್ಮನ್ನಂತೂ ಎಂದೂ ದೂರಲಿಲ್ಲ. "ಅವನ ಕೆಲಸ ಅವನು ಮಾಡ್ದ" ಎನ್ನುತ್ತಿದ್ದರು.

ಈಗ ಅವರಿಗೆ ಮರೆವು. ಕಾಲಿಂಗ್ ಬೆಲ್ ಸದ್ದಾದರೆ ಸಾಕು, "ಬಾಗಿಲು ಹಾಕ್ಬಿಡ್ತಾರೆ, ದಾರಿ ಬಿಡ್ರೋ" ಎಂದು ಬರಿಗಾಲಲ್ಲಿ ಓಡುತ್ತಾರೆ. ಮೊನ್ನೆ ಬಿದ್ದು ಹಣೆ ಒಡೆದುಕೊಂಡರು. ಬೆಲ್ಲನ್ನೇ ಕಿತ್ತು ಹಾಕಿಸಿದೆ. ಈಗ ಹಾಲಿನವನ ಸೈಕಲ್ ಗಂಟೆಗೂ ಎದ್ದು ಬಿಡುತ್ತಾರೆ.

ನಿಮ್ಮಲ್ಲೊಂದು ಕೋರಿಕೆ. ಬಿಡುವಾದಾಗ ಒಮ್ಮೆ ನಮ್ಮ ಮನೆಗೆ ಬನ್ನಿ. ಹಳೆಯ ಬಿಳಿ ಕೋಟು ಉಳಿದಿದ್ದರೆ ಹಾಕಿಕೊಳ್ಳಿ. ಅವರ ಕೋಣೆಯ ಬಾಗಿಲನ್ನು ತೆರೆದು ಹಿಡಿದು, "ಬನ್ನಿ ಸಾರ್, ಇನ್ನೂ ಹಾಕಿಲ್ಲ" ಎಂದರೆ ಸಾಕು. ನಿಮಗೆ ಮಂಡಿನೋವೆಂದು ಕೇಳಿದೆ; ಮನೆಗೆ ಮೆಟ್ಟಿಲುಗಳಿಲ್ಲ, ತೊಂದರೆಯಾಗದು. ಕಾರು ನಾನೇ ತರುತ್ತೇನೆ.

ಅಪ್ಪ ಅಂದು ಹೆರಿಗೆ ಆಸ್ಪತ್ರೆಯಲ್ಲಿದ್ದರಂತೆ. ಕೂಸಿನ ಮುಖ ನೋಡಿಯೇ ಸಭೆಗೆ ಹೊರಟರೆಂದು ಅಮ್ಮ ಕೊನೆಗಾಲದಲ್ಲಿ ನನಗೆ ಹೇಳಿದಳು. ಅದು ಹೊರಗೆ ಗೊತ್ತಾಗಿದ್ದರೆ, ಸರ್ಕಾರ ಬಿದ್ದದ್ದು ಆ ಹೆಣ್ಣುಕೂಸಿನ ಕಾಲ್ಗುಣದಿಂದ ಎಂದು ಜನ ಆಡಿಕೊಳ್ಳುತ್ತಿದ್ದರಂತೆ. ಅದಕ್ಕೇ ಅಪ್ಪ ಸುಮ್ಮನಿದ್ದರು.

ನಿಮ್ಮ ದಾರಿ ಕಾಯುತ್ತಿರುವ,
ಆ ಕೂಸು