ಅರ್ಧ ಬೆಟ್ಟ, ಅರ್ಧ ಸೈಕಲ್ಲು ಮತ್ತು ತಮ್ಮ ಪೂರ್ತಿ ಗೇಟು

ಘಾಟಿ ರಸ್ತೆಯ ಬೀಗದ ಕೈ ಯಾರ ಮೇಜಿನ ಡ್ರಾಯರಿನಲ್ಲಿದೆಯೋ ಆ ಮಾನ್ಯರೇ,

ಹಳೆಯ ಘಾಟಿ ರಸ್ತೆಗೆ ತಾವು ಬೆಟ್ಟದ ಎರಡೂ ಬುಡದಲ್ಲಿ ಗೇಟು ಹಾಕಿಸಿದ್ದೀರಿ. ಅದರ ಮೇಲೆ ‘ಸೈಕಲ್ ಸವಾರರಿಗೆ ಪ್ರವೇಶವಿಲ್ಲ, ಸುರಂಗ ಮಾರ್ಗವನ್ನು ಬಳಸಿರಿ’ ಎಂಬ ಬೋರ್ಡು ಇದೆ. ಸರಿ ಎಂದು ಸುರಂಗದ ಬಾಯಿಗೆ ಹೋದರೆ ಅಲ್ಲಿ ‘ಸೈಕಲ್ ಸವಾರರಿಗೆ ಪ್ರವೇಶವಿಲ್ಲ, ಹಳೆಯ ರಸ್ತೆಯನ್ನು ಬಳಸಿರಿ’ ಎಂಬ ಬೋರ್ಡು ಇದೆ. ಎರಡಕ್ಕೂ ಒಂದೇ ನೀಲಿ ಬಣ್ಣ, ಕೆಳಗೆ ಒಂದೇ ಕಚೇರಿಯ ಮುದ್ರೆ. ಎರಡನ್ನೂ ಚಾಚೂ ತಪ್ಪದೆ ಪಾಲಿಸುವ ಆಸೆ ನನಗೂ ಇದೆ, ಹೇಗೆ ಎಂಬುದೊಂದೇ ತಿಳಿಯುತ್ತಿಲ್ಲ. ನಾನು ಕನ್ನಡಕದ ಅಂಗಡಿ ಇಟ್ಟಿರುವವಳು. ಹತ್ತಿರದ್ದು ಕಾಣದವರನ್ನು ನೋಡಿದ್ದೇನೆ, ದೂರದ್ದು ಕಾಣದವರನ್ನೂ ನೋಡಿದ್ದೇನೆ. ತಾವೇ ನೆಟ್ಟ ಎರಡು ಬೋರ್ಡುಗಳನ್ನು ಒಟ್ಟಿಗೆ ಕಾಣಲಾಗದ ಕಣ್ಣು ಮಾತ್ರ ನನಗೆ ಹೊಸದು. ದಯವಿಟ್ಟು ಒಮ್ಮೆ ಅಂಗಡಿಗೆ ಬನ್ನಿ, ಪರೀಕ್ಷೆ ಮಾಡಿ ಕೊಡುತ್ತೇನೆ.

ಗೇಟಿನ ಕಾವಲುಗಾರರ ಜೊತೆ ನನ್ನ ಮಾತು ಹೀಗೆ ನಡೆಯಿತು.

“ಅಮ್ಮಾ, ಇಲ್ಲಿ ಬಿಡಲ್ಲ. ಸುರಂಗದಲ್ಲಿ ಹೋಗಿ.”

“ಅಲ್ಲಿ ಬಿಡಲ್ವಲ್ಲಪ್ಪಾ. ಇಲ್ಲಿಗೇ ಹೋಗಿ ಅಂತಾರೆ.”

“ಹೌದಾ? ಹಂಗಾದ್ರೆ ಇಲ್ಲೇ ಬರಬೇಕು ನೀವು.”

“ಬಂದಿದೀನಲ್ಲ.”

“ಬಂದಿದೀರ. ಆದ್ರೆ ಬಿಡಲ್ಲ.” ಹೇಳಿ ಮುಗಿಸುವಷ್ಟರಲ್ಲಿ ಅವರಿಗೇ ನಗು ತಡೆಯಲಾಗಲಿಲ್ಲ. ಪಾಪ, ಕುಡಿಯಲು ನೀರು ಕೊಟ್ಟು ಕಳಿಸಿದರು.

ತಮ್ಮ ಕಚೇರಿಗೂ ಹೋದೆ. ಸುರಂಗದಲ್ಲಿ ಸೈಕಲ್ ಏಕಿಲ್ಲ ಎಂದರೆ, ಅದು ವಾಹನವಲ್ಲ ಎಂದರು ಗುಮಾಸ್ತರು. ಘಾಟಿಯಲ್ಲಿ ಏಕಿಲ್ಲ ಎಂದರೆ, ಅಲ್ಲಿ ವಾಹನಗಳಿಗೆ ಪ್ರವೇಶವಿಲ್ಲ ಎಂದರು. ಹಾಗಾದರೆ ನನ್ನ ಸೈಕಲ್ಲು ಬೆಟ್ಟ ಕಂಡರೆ ವಾಹನವಾಗುತ್ತದೆ, ಬಿಲ ಕಂಡರೆ ಆಗುವುದಿಲ್ಲ. ನನಗೆ ಇಷ್ಟು ದಿನ ಇದರ ಮಹಿಮೆ ಗೊತ್ತೇ ಇರಲಿಲ್ಲ.

ಎಲ್ಲವೂ ನಮ್ಮ ಸುರಕ್ಷತೆಗಾಗಿ ಎಂದು ಅವರು ಸಮಾಧಾನ ಹೇಳಿದರು. ಸಂತೋಷ. ಆದರೆ ಮಾನ್ಯರೇ, ಲಾರಿಗಳು ಒಂದರ ಬಾಲ ಒಂದು ಹಿಡಿದು ಆ ಘಾಟಿ ಹತ್ತುತ್ತಿದ್ದ ಕಾಲದಲ್ಲಿ, ಅವುಗಳ ಕನ್ನಡಿ ನಮ್ಮ ಕಿವಿ ಸವರಿಕೊಂಡು ಹೋಗುತ್ತಿದ್ದ ಕಾಲದಲ್ಲಿ, ನಮ್ಮ ಸುರಕ್ಷತೆ ಎಲ್ಲಿ ರಜೆಗೆ ಹೋಗಿತ್ತು? ಈಗ ಲಾರಿಗಳೆಲ್ಲ ಸುರಂಗ ಸೇರಿವೆ. ಘಾಟಿಯಲ್ಲಿ ಉಳಿದಿರುವುದು ಹಕ್ಕಿ, ಮೇಕೆ, ಗಾಳಿ. ಒಂದೊಂದು ತಿರುವಿನಲ್ಲೂ ಹೊಳೆ ಕೆಳಗೆ ಇನ್ನಷ್ಟು ತೆಳ್ಳಗೆ ಕಾಣುತ್ತದೆ, ನಮ್ಮ ಉಸಿರು ನಮಗೇ ಕೇಳಿಸುತ್ತದೆ. ಸೈಕಲ್ಲಿಗೆ ಇಷ್ಟು ಹೇಳಿ ಮಾಡಿಸಿದ ರಸ್ತೆ ಇನ್ನೊಂದಿಲ್ಲ ಎನ್ನುವ ಹೊತ್ತಿಗೆ ಸರಿಯಾಗಿ ತಮಗೆ ನಮ್ಮ ನೆನಪಾಯಿತು. ಅಂದ ಹಾಗೆ ತಮ್ಮ ಪರಿಶೀಲನಾ ಜೀಪಿಗೆ ಮಾತ್ರ ಗೇಟು ತೆರೆಯುತ್ತದೆ. ಅದು ವಾರವಾರ ಘಾಟಿಯ ನೆತ್ತಿಯವರೆಗೆ ಹೋಗಿ, ಅಲ್ಲಿನ ಚಹಾವನ್ನು ಕೂಲಂಕಷವಾಗಿ ಪರಿಶೀಲಿಸಿ ಬರುತ್ತದೆಂದು ಕೇಳಿದ್ದೇನೆ.

ಆ ಚಹಾದಂಗಡಿಯ ವಿಷಯಕ್ಕೇ ಬರುತ್ತೇನೆ. ನನ್ನ ತಕರಾರೆಲ್ಲ ಇರುವುದು ಅಲ್ಲಿ.

ನಮ್ಮ ಅಪ್ಪ ಸೈಕಲ್ ರಿಪೇರಿ ಮಾಡುತ್ತಿದ್ದರು. ಅವರೇ ಕೂಡಿಸಿದ, ಇಬ್ಬರು ಹಿಂದೆ ಮುಂದೆ ಕೂತು ತುಳಿಯುವ ಉದ್ದನೆಯ ಸೈಕಲ್ಲೊಂದು ಮನೆಯಲ್ಲಿತ್ತು. ಮುಂದೆ ಅಕ್ಕ, ಹಿಂದೆ ನಾನು. ಮುಂದಿನ ಸೀಟನ್ನು ಅವಳು ಒಂದು ದಿನಕ್ಕೂ ಬಿಟ್ಟುಕೊಟ್ಟವಳಲ್ಲ. ಹೊಳೆ ದಂಡೆಯ ರಸ್ತೆಯನ್ನೆಲ್ಲ ನಾನು ಅವಳ ಬೆನ್ನು ನೋಡಿಕೊಂಡೇ ಮುಗಿಸಿದ್ದೇನೆ. ಅಪ್ಪ ಹೋದ ಮೇಲೆ ಸೈಕಲ್ಲು ಯಾರಿಗೆ ಎಂದು ಜಟಾಪಟಿ ಶುರುವಾಯಿತು. ಅಕ್ಕನಿಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಒಂದು ದಿನ ಅಪ್ಪನ ಗರಗಸವನ್ನೇ ತೆಗೆದುಕೊಂಡು, ಸೈಕಲ್ಲನ್ನು ನಡುವೆ ಕೊಯ್ದು, “ತಗೋ, ಅರ್ಧ ನಿಂದು, ಅರ್ಧ ನಂದು” ಎಂದಳು. ಹ್ಯಾಂಡಲ್ ಇದ್ದ ಅರ್ಧ ಅವಳಿಗೆ, ಹಿಂದಿನ ಚಕ್ರ ಇದ್ದ ಅರ್ಧ ನನಗೆ. ಸೈಕಲ್ ರಿಪೇರಿಯವರ ಮಕ್ಕಳಾಗಿಯೂ, ಅರ್ಧ ಸೈಕಲ್ಲು ಓಡುವುದಿಲ್ಲ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ ನೋಡಿ! ಆ ದಿನ ಅಕ್ಕತಂಗಿಯರು ಒಮ್ಮತದಿಂದ ಹೇಳಿದ ಮಾತು ಒಂದೇ: “ಸಾಯೋ ತನಕ ನಿನ್ನ ಮನೆ ಹೊಸ್ತಿಲು ತುಳಿಯಲ್ಲ.” ಅವಳು ಬೆಟ್ಟದ ಆಚೆ ಕಣಿವೆಯಲ್ಲಿ ಸಂಸಾರ ಹೂಡಿದಳು, ನಾನು ಈಚೆ ಕಣಿವೆಯಲ್ಲಿ ಅಂಗಡಿ ಹಾಕಿದೆ.

ವರ್ಷಗಟ್ಟಲೆ ಮಾತಿಲ್ಲ ಕತೆಯಿಲ್ಲ. ಆಮೇಲೊಂದು ಭಾನುವಾರ ನಾನು ಏದುಸಿರು ಬಿಡುತ್ತಾ ಘಾಟಿಯ ನೆತ್ತಿ ತಲುಪಿ, ಸೈಕಲ್ಲನ್ನು ಚಹಾದಂಗಡಿಯ ಗೋಡೆಗೆ ಒರಗಿಸಿ ಬೆಂಚಿನ ಮೇಲೆ ಕುಸಿದೆ. ಪಕ್ಕದಲ್ಲಿ ಒಬ್ಬ ಹೆಂಗಸು ಆಗಲೇ ಕುಸಿದು ಕೂತಿದ್ದಳು. ಇಬ್ಬರೂ ಬೆವರು ಒರೆಸಿಕೊಳ್ಳುವುದರಲ್ಲಿ ಮಗ್ನರು. ಚಹಾದಣ್ಣ ಗೋಡೆಯತ್ತ ನೋಡಿ, “ಎಲ್ರೂ ಸೈಕಲ್ಲನ್ನ ಹೆಂಗೆ ಬೇಕೋ ಹಂಗೆ ಒರಗಿಸ್ತಾರೆ. ನೀವಿಬ್ರು ಮಾತ್ರ ಚೈನಿನ ಮಗ್ಗುಲು ಗೋಡೆಗೆ ತಾಗದಂಗೆ ನಿಲ್ಸಿದೀರ. ಒಂದೇ ಮನೆಯವರಾ?” ಎಂದರು. ಅದು ಅಪ್ಪ ಕಿವಿ ಹಿಂಡಿ ಕಲಿಸಿದ್ದ ಪಾಠ. ತಿರುಗಿ ನೋಡಿದರೆ ಅಕ್ಕ!

“ದಪ್ಪ ಆಗಿದೀಯಲ್ಲೇ,” ಎಂದಳು.

“ನೀನೇನು ಬಳ್ಳಿಯಾ?” ಎಂದೆ.

ರಾಜಿ ಆಗಿದ್ದು ಅಷ್ಟರಲ್ಲೇ. ಅಂದಿನಿಂದ ಪ್ರತಿ ಭಾನುವಾರ ಅವಳು ತನ್ನ ಅರ್ಧ ಬೆಟ್ಟ ಹತ್ತುತ್ತಾಳೆ, ನಾನು ನನ್ನ ಅರ್ಧ. ನೆತ್ತಿ ಯಾರ ಮನೆಯೂ ಅಲ್ಲವಾದ್ದರಿಂದ ಯಾರ ಹೊಸ್ತಿಲೂ ಇಲ್ಲ, ಆಡಿದ ಮಾತಿಗೂ ಭಂಗವಿಲ್ಲ. ಹಳೆಯ ಪತ್ರಿಕೆಯನ್ನು ಅಂಗಿಯೊಳಗೆ ಎದೆಗೆ ಇಟ್ಟುಕೊಂಡು ಇಳಿಯುತ್ತೇವೆ, ಇಳಿಜಾರಿನ ತಣ್ಣನೆ ಗಾಳಿಗೆ ಅದಕ್ಕಿಂತ ಒಳ್ಳೆಯ ಕವಚವಿಲ್ಲ. ಸುರಂಗದ ಉದ್ಘಾಟನೆಯಲ್ಲಿ ತಾವು ಮಾಡಿದ ಭಾಷಣ ಅಚ್ಚಾದ ಪುಟವನ್ನೂ ಹಾಗೆಯೇ ಬಳಸಿದ್ದೇನೆ. ಸುಳ್ಳು ಹೇಳಬಾರದು, ಬಹಳ ಬೆಚ್ಚಗಿತ್ತು.

ಈಗ ಅಕ್ಕನ ಮೊಣಕಾಲು ಕೈಕೊಡುತ್ತಿದೆ. ನಡೆದು ಹತ್ತಿ ಇಳಿಯುವುದು ಬೇಡವೇ ಬೇಡ, ಸೈಕಲ್ ತುಳಿಯಬಹುದು, ಆದರೆ ಒಬ್ಬರೇ ಘಾಟಿ ಹತ್ತುವುದು ಇನ್ನು ಹೆಚ್ಚು ದಿನ ನಡೆಯದು ಎಂದಿದ್ದಾರೆ ವೈದ್ಯರು. ಅವಳು ನೆತ್ತಿಯ ಬೆಂಚಿನ ಮೇಲೆ ಕೂತು ಇದನ್ನು ಹೇಳಿ, ಚಹಾ ಊದಿ ಕುಡಿದು, ಆಮೇಲೆ ಹೊಳೆ ಕಡೆ ನೋಡುತ್ತಾ ಅಂದಳು: “ಅಪ್ಪನ ಸೈಕಲ್ ಬೆಸೆಯೋಣ ಕಣೇ. ನೀನು ಮುಂದೆ ಕೂತ್ಕೋ. ನಾನು ಹಿಂದೆ ಕೂತು ಸುಮ್ನೆ ಕಾಲಾಡಿಸ್ತೀನಿ.”

ನನ್ನ ಅಕ್ಕ ಮುಂದಿನ ಸೀಟು ಬಿಟ್ಟುಕೊಟ್ಟಳು, ಮಾನ್ಯರೇ. ಹುಟ್ಟಿದಾಗಿನಿಂದ ಕಾದಿದ್ದ ಮಾತು ಅದು. ಕೇಳಿ ನನಗೆ ಸಂತೋಷವಾಗಲಿಲ್ಲ, ಭಯವಾಯಿತು.

ಚಹಾದಣ್ಣನ ಬಳಿ ಬೆಸುಗೆಯ ಸಾಮಾನಿದೆ. ಲಾರಿಗಳ ಕಾಲದಲ್ಲಿ ಅಚ್ಚು ಮುರಿದವರಿಗೆ ಅವರೇ ಗತಿಯಾಗಿದ್ದರು. ಈ ಚಳಿಗೆ ಅಂಗಡಿ ಎತ್ತಿ ಕೆಳಗೆ ಇಳಿದುಬಿಡುತ್ತೇನೆ, ಅದಕ್ಕೆ ಮೊದಲು ತನ್ನಿ ಎಂದಿದ್ದಾರೆ. ನನ್ನ ಅರ್ಧವನ್ನು ಬೆನ್ನಿಗೆ ಕಟ್ಟಿಕೊಂಡು, ದಾರಿಯುದ್ದಕ್ಕೂ ಬೈದುಕೊಂಡು ನಾನು ಆಗಲೇ ಮೇಲೆ ಸಾಗಿಸಿದೆ. ಮುಂದಿನ ಭಾನುವಾರ ಅಕ್ಕನ ಸರದಿಯಿತ್ತು. “ನನ್ನದು ನಾನೇ ತರ್ತೀನಿ, ನಿನ್ನ ಉಪಕಾರ ಬೇಡ” ಎಂದಿದ್ದಳು. ಆ ಭಾನುವಾರಕ್ಕೆ ಮೊದಲೇ ತಮ್ಮ ಗೇಟು ಬಂತು.

ಕೆಳಗೆ ಊರಿನಲ್ಲಿ ಬೆಸುಗೆಯವರು ಇಲ್ಲವೇ ಎಂದು ತಾವು ಕೇಳಬಹುದು. ಇದ್ದಾರೆ. ಯಾರ ಊರಿನಲ್ಲಿ ಬೆಸುಗೆ ಹಾಕಿಸುವುದು? ಆ ಪ್ರಶ್ನೆ ಎತ್ತಿದರೆ ಗರಗಸ ಮತ್ತೆ ಹೊರಬರುತ್ತದೆ. ಬಸ್ಸಿನಲ್ಲಿ ಅವಳ ಮನೆಗೇ ಹೋಗಬಾರದೇ ಎಂದೂ ಕೇಳಬಹುದು. ತಮಗೆ ಅಕ್ಕಂದಿರಿಲ್ಲವೆಂದು ಕಾಣುತ್ತದೆ.

ಕಳೆದ ಭಾನುವಾರ ನಾನು ಈಚೆ ಗೇಟಿನ ಬಳಿ, ಅವಳು ಆಚೆ ಗೇಟಿನ ಬಳಿ ನಿಂತು ಫೋನಿನಲ್ಲಿ ಮಾತಾಡಿದೆವು. ನಡುವೆ ಇಡೀ ಬೆಟ್ಟ. “ಚಹಾ ಆಯ್ತಾ?” ಎಂದಳು. “ಇನ್ನೂ ಇಲ್ಲ” ಎಂದೆ.

ಆದ್ದರಿಂದ ನನ್ನ ಬೇಡಿಕೆ ಬಹಳ ಚಿಕ್ಕದು. ಸಮಿತಿ ಬೇಡ, ಸಮೀಕ್ಷೆ ಬೇಡ, ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರವಂತೂ ಬೇಡವೇ ಬೇಡ. ಚಳಿ ಶುರುವಾಗುವ ಮೊದಲು ಸೈಕಲ್ಲುಗಳಿಗೆ ಗೇಟು ತೆರೆಸಿ. ಮುಂದಿನ ವರ್ಷ ತೆರೆದರೆ ರಸ್ತೆ ಇರುತ್ತದೆ, ನಾನೂ ಇರಬಹುದು, ಅಕ್ಕನ ಮೊಣಕಾಲು ಕಾಯುವುದಿಲ್ಲ.

ಇನ್ನೊಂದು ಮಾತು. ಸೈಕಲ್ಲು ಒಂದಾದ ಮೇಲೆ ನಾವು ಆಚೆ ಇಳಿಯುವುದೋ ಈಚೆ ಇಳಿಯುವುದೋ ಇನ್ನೂ ತೀರ್ಮಾನವಾಗಿಲ್ಲ. ಯಾವ ಕಡೆ ಇಳಿದರೂ ಒಬ್ಬಳು ಇನ್ನೊಬ್ಬಳ ಹೊಸ್ತಿಲು ತುಳಿಯಲೇಬೇಕು. ಇದು ಇಬ್ಬರಿಗೂ ಗೊತ್ತು, ಇಬ್ಬರೂ ಬಾಯಿಬಿಟ್ಟಿಲ್ಲ. ಈ ಪತ್ರವನ್ನು ಪತ್ರಿಕೆಗೂ ಕಳಿಸಿದ್ದೇನೆ, ಅಚ್ಚಾದ ದಿನ ಎರಡು ಪ್ರತಿ ಕೊಳ್ಳುತ್ತೇನೆ. ಇಳಿಯುವಾಗ ಒಂದು ನನ್ನ ಎದೆಗೆ, ಇನ್ನೊಂದು ನನ್ನ ಬೆನ್ನ ಹಿಂದೆ ಕೂತವಳಿಗೆ.

ಇಂತಿ,
ಮುಂದಿನ ಸೀಟು ಸಿಕ್ಕಿಯೂ ಗೇಟಿನ ಈಚೆಯೇ ನಿಂತಿರುವ
ತಂಗಿ