ಮೂರನೇ ರೀಲಿನ ದೇವರಾಜು

೧೧-೧-೧೯೫೪, ಸೋಮವಾರ, ರಾತ್ರಿ ಊಟದ ನಂತರ

ಗಂಟಲು ಮೊದಲ ದಿನವೇ ಕೆಟ್ಟಿತು. ಬಿಸಿನೀರು ಕುಡಿದು ಕೂತಿದ್ದೇನೆ.

ಕ್ರೀಡಾ ಚಿತ್ರ ಸಪ್ತಾಹವಂತೆ. ಏಳು ದಿನ ಬರೀ ಆಟೋಟದ ಡಾಕ್ಯುಮೆಂಟರಿಗಳು — ಹಾಕಿ, ಕುಸ್ತಿ, ಹಿಮದ ಮೇಲೆ ಜಾರುವುದು, ಎಲ್ಲ ಇಂಗ್ಲಿಷಿನಲ್ಲಿ. ನಡೆಯುವುದು ನಮ್ಮೂರ ಕ್ಲಬ್ಬಿನ ಹಾಲಿನಲ್ಲಿ; ಕ್ಲಬ್ಬಿಗೆ ನನ್ನ ತಮ್ಮ ಜನಾರ್ದನನೇ ಕಾರ್ಯದರ್ಶಿ. ಮೈಕಿನಲ್ಲಿ ಕನ್ನಡ ಮಾಡಿ ಹೇಳುವುದಕ್ಕೆ ನನ್ನ ಹೆಸರು ಕೊಟ್ಟು ಬಂದಿದ್ದಾನೆ. ಒಂದು ಮಾತು ಕೇಳಲಿಲ್ಲ. ಹೆಣ್ಣುಮಕ್ಕಳ ಶಾಲೆಯ ಟೀಚರಿಗೆ ಕುಸ್ತಿಯ ಪಟ್ಟುಗಳ ಹೆಸರು ಎಲ್ಲಿಂದ ಬರಬೇಕು? "ಕಾಲು ಹಿಡಿದ, ಕೆಡವಿದ" ಎಂದೆ. ಹಿಂದಿನ ಬೆಂಚಿನವರು ನಕ್ಕರು. ನಗಲಿ.

ಬರೆಯಬೇಕಾದ್ದು ಅದಲ್ಲ. ಮೂರನೇ ರೀಲು. ಸೈನ್ಯದವರ ಸ್ಪೋರ್ಟ್ಸು, ನಲವತ್ತೇಳರಲ್ಲಿ ತೆಗೆದದ್ದು. ಓಟದಲ್ಲಿ ತಿರುವು ದಾಟಿ ಒಬ್ಬ ಮುಂದೆ ಬಂದ — ಹೆಬ್ಬಾಲೆಯ ದೇವರಾಜು. ಕಾಳಮ್ಮನವರ ಮಗ. ನಾನು ಅಲ್ಲಿಯ ಶಾಲೆಯಲ್ಲಿದ್ದಾಗ ಪಕ್ಕದ ಮನೆ. ದಿನಾ ಮಜ್ಜಿಗೆ ತಂದುಕೊಡುತ್ತಿದ್ದ. ಪಲ್ಟನ್ನಿಗೆ ಸೇರಿ ಮರುವರ್ಷವೇ ಕಾಶ್ಮೀರದ ಯುದ್ಧದಲ್ಲಿ ತೀರಿಹೋದ. ಫೋಟೋ ಕಳಿಸುತ್ತೇನೆ ಎಂದಿದ್ದನಂತೆ, ತಂತಿ ಬಂತು. ಆ ಮನೆಯಲ್ಲಿ ಅವನದು ಒಂದು ಪಟವಿಲ್ಲ.

ಮೈಕಿನಲ್ಲೇ ಹೇಳಿಬಿಟ್ಟೆ — ಇವನು ನಮ್ಮ ಕೊಡಗಿನ ಹುಡುಗ, ಹೆಬ್ಬಾಲೆಯ ದೇವರಾಜು, ಈಗಿಲ್ಲ ಎಂದು. ಹಾಲಿಗೆ ಹಾಲೇ ಚಪ್ಪಾಳೆ. ನಾಟಕದ ಕಂಪನಿ ಬಂದಾಗ ಕೂಗುತ್ತಾರಲ್ಲ, ಹಾಗೆಯೇ "ಒನ್ಸ್ ಮೋರ್" ಎಂದು ಕೂಗಿದರು. ಸಿನಿಮಾ ವ್ಯಾನಿನ ಜೊತೆ ಬಂದ ಆಪರೇಟರ್ ಮಂಜುನಾಥ ಮೈಸೂರಿನವನು, ಉತ್ಸಾಹಿ. ರೀಲು ಹಿಂದಕ್ಕೆ ಸುತ್ತಿ ಮತ್ತೆ ಬಿಟ್ಟ. ದೇವರಾಜು ಮತ್ತೆ ಓಡಿದ.

೧೩-೧-೫೪, ಬುಧವಾರ

ನಿನ್ನೆ ಬೆಳಿಗ್ಗೆ ಫ್ರೇಸರ್‌ಪೇಟೆ ಬಸ್ಸಿನ ಕಂಡಕ್ಟರ್ ಕೈಲಿ ಕಾಳಮ್ಮನವರಿಗೆ ಹೇಳಿಕಳಿಸಿದ್ದೆ. ಇವತ್ತು ಉತ್ತರ ಬಂತು. ಕಣದಲ್ಲಿ ಭತ್ತ ಇದೆ, ಹಬ್ಬಕ್ಕೆ ದನ ಕಿಚ್ಚು ಹಾಯಿಸಬೇಕು, ಅದೆಲ್ಲ ಮುಗಿಸಿ ಭಾನುವಾರ ಬರುತ್ತಾರೆ. ಭಾನುವಾರವೇ ಕೊನೆಯ ಶೋ, ಮೂರು ಗಂಟೆಗೆ, ಹೆಂಗಸರಿಗೆ. ಒಳ್ಳೆಯದಾಯಿತು. ಮುಂದಿನ ಚಾಪೆಯಲ್ಲಿ ಕೂರಿಸುತ್ತೇನೆ.

ಕಂಡಕ್ಟರ್ ಹೇಳಿದ್ದು: ಮುದುಕಿ ಎರಡೆರಡು ಸಲ ಕೇಳಿತಂತೆ, ಓಡೋದು ಕಾಣ್ತದಾ, ನಿಂತಿರೋದಾ ಎಂದು. ಓಡುವುದೇ ಕಾಣುತ್ತದೆ ಎಂದನಂತೆ. ಸೆರಗಿನಿಂದ ಮುಖ ಮುಚ್ಚಿಕೊಂಡರಂತೆ.

೧೪-೧-೫೪, ಸಂಕ್ರಾಂತಿ

ಎಳ್ಳು ಬೀರಲು ಹೋದಲ್ಲೆಲ್ಲ ದೇವರಾಜುವಿನದೇ ಸುದ್ದಿ. ಅವನು ಬದುಕಿದ್ದಾಗ ಹೆಸರೇ ಗೊತ್ತಿರದವರು ಈಗ ದೂರದ ನೆಂಟರು.

ಸಂಜೆ ಪಾಲಿಬೆಟ್ಟದಿಂದ ಎಸ್ಟೇಟ್ ಲಾರಿಯಲ್ಲಿ ಜನ. ಕಾಫಿ ಹಣ್ಣಿನ ಪಿಕ್ಕಿಂಗ್ ಮುಗಿಸಿ ಕೂಲಿ ಲೈನಿನವರೆಲ್ಲ ಹಾಗೇ ಹತ್ತಿಕೊಂಡು ಬಂದಿದ್ದರು. ಪೊನ್ನಂಪೇಟೆಯವರು ಬೇರೆ. ಇವತ್ತಿನ ಪ್ರೋಗ್ರಾಮಿನಲ್ಲಿ ಮೂರನೇ ರೀಲು ಇರಲೇ ಇಲ್ಲ. ಬಿಡುತ್ತಾರೆಯೇ? ಕೊಡವ ತಕ್ಕಿನಲ್ಲಿ, ತಮಿಳಿನಲ್ಲಿ, ಮಲಯಾಳದಲ್ಲಿ ಗಲಾಟೆ, ಕೊನೆಗೆ ಎಲ್ಲರ ಬಾಯಲ್ಲೂ ಒನ್ಸ್ ಮೋರ್. ಮಂಜುನಾಥ ಎಷ್ಟು ಸಲ ಸುತ್ತಿದನೋ, ಲೆಕ್ಕ ಬಿಟ್ಟೆ.

ನಿಜ ಬರೆಯುತ್ತೇನೆ, ಓದುವವರು ಯಾರಿದ್ದಾರೆ. ನನಗೂ ಹಿಡಿಸಿತು. ನಾನು "ಅಗೋ, ಬಂದ" ಎನ್ನುವುದು, ಅಷ್ಟೂ ಜನ ಎದ್ದು ನಿಲ್ಲುವುದು... ಇಷ್ಟು ವರ್ಷ ಪಾಠ ಮಾಡಿದ್ದೇನೆ, ಯಾರೂ ಎದ್ದು ನಿಂತಿರಲಿಲ್ಲ.

೧೫-೧-೫೪, ಶುಕ್ರವಾರ

ಇವತ್ತು ಆ ಭಾಗ ಪರದೆಯ ಮೇಲೆ ಕುಣಿಯುತ್ತಿತ್ತು. ಮಂಜುನಾಥನನ್ನು ಕೇಳಿದೆ. ಫಿಲ್ಮಿನ ಅಂಚಿನ ತೂತುಗಳು ಸ್ವಲ್ಪ ಹರಿದಿವೆ ಮೇಡಂ, ಏನೂ ಆಗಲ್ಲ ಎಂದ. ಭಾನುವಾರದವರೆಗೆ ಅದನ್ನು ಮುಟ್ಟಬೇಡಿ ಎಂದು ಜನಾರ್ದನನಿಗೆ ಹೇಳಿದೆ. ಅವನ ಮುಖ ನೋಡಬೇಕಿತ್ತು.

"ನಾಳೆ ದೊಡ್ಡ ಆಫೀಸರ್‌ಗಳೆಲ್ಲ ಫ್ಯಾಮಿಲಿ ಕರ್ಕೊಂಡು ಬರ್ತಿದ್ದಾರೆ ಅಕ್ಕ, ಅದನ್ನೇ ನೋಡಕ್ಕೆ. ನಾನು ಅವರ ಆಫೀಸಿನ ಗುಮಾಸ್ತ, ಇಲ್ಲ ಅಂತ ಹೆಂಗೆ ಹೇಳ್ಲಿ?"

ಸೋಮವಾರ ಮೈಕಿನಲ್ಲಿ ಊರಿಗೆಲ್ಲ ಹೇಳಿದವಳು ನಾನು. ಈಗ ಅವನಿಗೆ ಏನು ಹೇಳಲಿ?

೧೭-೧-೫೪, ಭಾನುವಾರ, ಬೆಳಿಗ್ಗೆ

ನಿದ್ದೆಯಿಲ್ಲ.

ನಿನ್ನೆ ಎರಡು ಸಲ ಓಡಿತು. ಮೂರನೇ ಸಲ ಯಾರೋ ಹೆಂಗಸರು, ಅಲ್ಲೇ ನಿಲ್ಲಿಸಿ, ಮುಖ ಸರಿಯಾಗಿ ಕಾಣಲಿ ಎಂದರು. ಮಂಜುನಾಥ ನಿಲ್ಲಿಸಿದನೋ, ತೂತು ಹರಿದು ಫಿಲ್ಮೇ ಸಿಕ್ಕಿಕೊಂಡಿತೋ. ದೇವರಾಜು ಗಕ್ಕನೆ ನಿಂತ. ದೀಪದ ಬಿಸಿಗೆ ನಡುವೆ ಒಂದು ಕಂದು ಕಲೆ ಎದ್ದಿತು. ಹಪ್ಪಳ ಉಬ್ಬಿದ ಹಾಗೆ ಉಬ್ಬಿತು. ಆಮೇಲೆ ಬರೀ ಬಿಳಿ ಬೆಳಕು.

ಕೆಲವರು ಚಪ್ಪಾಳೆ ತಟ್ಟಿದರು. ಗೊತ್ತಾಗಲಿಲ್ಲ ಅವರಿಗೆ.

ಮಂಜುನಾಥ ಸುಟ್ಟದ್ದನ್ನೂ ಹರಿದದ್ದನ್ನೂ ಕತ್ತರಿಸಿ, ಉಳಿದ ಎರಡು ತುದಿ ಅಂಟಿಸಿದ. ಕತ್ತರಿಸಿದ ಚೂರುಗಳನ್ನು ಬಲ್ಬಿಗೆ ಹಿಡಿದು ಒಂದೊಂದೇ ನೋಡಿದೆ. ಕರಕಲಾಗಿ ಮುರುಟಿದ್ದವು ಕೆಲವು. ಸುಡದವುಗಳಲ್ಲಿ ಗೀರು ಬಿಟ್ಟರೆ ಏನೂ ಕಾಣುವುದಿಲ್ಲ. ಚಿತ್ರದ ಬೇರೆ ಪ್ರತಿ ಇರಬಹುದು ಎಂದ ಮಂಜುನಾಥ. ಎಲ್ಲಿ ಎಂದರೆ ಅವನಿಗೆ ಗೊತ್ತಿಲ್ಲ. ವ್ಯಾನು ನಾಳೆಯೇ ಮಾಕುಟ್ಟದ ದಾರಿಯಲ್ಲಿ ಮಲಬಾರಿಗೆ ಹೋಗುತ್ತದೆ.

ಕಾಳಮ್ಮನವರಿಗೆ ಬರಬೇಡಿ ಎಂದು ಹೇಳಿಕಳಿಸೋಣವೆಂದರೆ ರಾತ್ರಿ ಆ ಕಡೆಗೆ ಬಸ್ಸಿರಲಿಲ್ಲ. ಈಗ ಅವರು ಹೊರಟಿರುತ್ತಾರೆ.

ಅದೇ ದಿನ, ಸಂಜೆ

ಬಸ್ ಸ್ಟ್ಯಾಂಡಿನಲ್ಲೇ ಹೇಳಿಬಿಡಬೇಕು ಎಂದುಕೊಂಡು ಹೋದೆ. ಕಾಳಮ್ಮ ಹೊಸ ಸೀರೆ ಉಟ್ಟು ಇಳಿದರು. ಮಡಿಲಲ್ಲಿ ಎಳ್ಳು, ಕೊಬ್ಬರಿ. ಟೀಚರಮ್ಮ, ನಿಮ್ಮ ಹೊಟ್ಟೆ ತಣ್ಣಗಿರಲಿ ಎಂದರು. ಬನ್ನಿ, ಹೊತ್ತಾಯಿತು ಎಂದು ಹಾಲಿಗೆ ಕರೆದುಕೊಂಡು ಬಂದೆ.

ಮುಂದಿನ ಚಾಪೆಯಲ್ಲಿ ಕೂರಿಸಿದೆ. ಹಾಲಿನಲ್ಲಿ ಅರ್ಧದಷ್ಟು ಹೆಂಗಸರಿಗೆ ಸುಟ್ಟ ಸಂಗತಿ ಗೊತ್ತು. ಮೂರನೇ ರೀಲು ಬಂತು. ಹುಡುಗರು ಸಾಲಾಗಿ ಬಗ್ಗಿ ನಿಂತರು, ಓಡಿದರು, ತಿರುವು ಬಂತು — ಅಂಟಿಸಿದ ಕಡೆ ಟಕ್ಕನೆ ಹಾರಿ, ಗೆಲುವಿನ ದಾರ ಮುಟ್ಟುವವರ ಬೆನ್ನುಗಳು. ಒಬ್ಬ ಮಾತ್ರ ಈ ಕಡೆ ತಿರುಗಿದ. ಯಾರೋ ಏನೋ. ನನಗೆ ಯಾವ ದೆವ್ವ ಹೊಕ್ಕಿತೋ, ಮೈಕಿನಲ್ಲಿ ಹೇಳಿದೆ. ಅಗೋ, ದೇವರಾಜು.

ಕಾಳಮ್ಮ ಚಾಪೆಯಿಂದಲೇ ತಿರುಗಿ ನೋಡಿದರು.

"ಅವ್ನಲ್ಲ ಕಣ್ರವ್ವ. ಅದ್ಯಾರೋ ಬ್ಯಾರೆಯೋರ ಮಗ."

ಮತ್ತೆ ಪರದೆಗೇ ತಿರುಗಿದರು. ಹಾಕಿ ಬಂತು, ಹಿಮದ ಮೇಲೆ ಜಾರುವುದು ಬಂತು. ರೆಪ್ಪೆ ಬಡಿಯದೆ ನೋಡಿದರು. ನಾನು ಮೈಕು ಕೆಳಗಿಟ್ಟಿದ್ದೆ. ಲೈಟು ಹತ್ತಿ ಎಲ್ಲರೂ ಎದ್ದು ಹೋದರು. ಇವರು ಕೂತೇ ಇದ್ದರು. ಮಂಜುನಾಥ ಪರದೆ ಬಿಚ್ಚಲು ಬಂದಾಗ, ನಮ್ಮುಡುಗ ಇನ್ನೂ ಬರಬೇಕಲ್ಲಪ್ಪ, ಅದ್ಯಾಕೆ ಬಿಚ್ಚುತ್ತೀ ಎಂದು ಕೇಳಿದರು. ಅವನು ನನ್ನ ಮುಖ ನೋಡಿದ. ನಾನು ಜನಾರ್ದನನ ಮುಖ ನೋಡಿದೆ. ಅವನು ಕುರ್ಚಿ ಎತ್ತಿಡಲು ಹೋದ.

೧೮-೧-೫೪, ಸೋಮವಾರ, ಬೆಳಗಿನ ಜಾವ

ರಾತ್ರಿ ನಮ್ಮ ಮನೆಯಲ್ಲೇ ಉಳಿದ ಕಾಳಮ್ಮನವರಿಗೆ ಹೇಳಿದೆ. ಎಲ್ಲ. ಬೈಯುತ್ತಾರೆ ಎಂದು ಕಾದೆ, ಬೈಯಲಿಲ್ಲ. ಇಷ್ಟೇ ಕೇಳಿದರು.

"ಊರೋರೆಲ್ಲ ನೋಡಿದ್ರಾ?"

ನೋಡಿದರು ಎಂದೆ.

"ನೀವೂವೆ?"

ಹ್ಞೂಂ ಎಂದೆ. ದಿನಾ.

"ಹಂಗಾರೆ ಬಸ್ಸಿಗೆ ಮುಂಚೆ ನಂಗೆ ಹೇಳ್ಬುಡಿ ಟೀಚರಮ್ಮ. ಎಂಗಿದ್ದ? ಸೊರಗಿದ್ನಾ? ಮೀಸೆ ಬಂದಿತ್ತಾ?"

ಬೆಳಿಗ್ಗೆ ಹೇಳುತ್ತೇನೆ ಎಂದು ಮಲಗಿಸಿದೆ. ಅದನ್ನೇ ಬರೆದುಕೊಳ್ಳೋಣ ಎಂದು ಎದ್ದು ಕೂತಿದ್ದೇನೆ. ತಿರುವು ದಾಟಿದ್ದು ಗೊತ್ತು. ಎಲ್ಲಿ ಜನ ಏಳುತ್ತಿದ್ದರು ಗೊತ್ತು. ನಾನು ಏನು ಹೇಳುತ್ತಿದ್ದೆ ಎಂಬುದು ಅಕ್ಷರ ಬಿಡದೆ ನೆನಪಿದೆ. ಹಾಗೆ ಹೇಳುವಾಗಲೆಲ್ಲ ನಾನು ಜನರ ಕಡೆಗೇ ನೋಡುತ್ತಿದ್ದೆ, ಪರದೆಯ ಕಡೆಗಲ್ಲ.

ಒಳಗೆ ಬಳೆಯ ಸದ್ದು. ಎದ್ದರು.

ಬಿಳಿ ಬನಿಯನ್ ತೊಟ್ಟಿದ್ದ. ಮೈ ಸೊರಗಿರಲಿಲ್ಲ, ಅನ್ನಿಸುತ್ತದೆ. ಮೀಸೆ... ಇತ್ತೇ? ಒಮ್ಮೆ ಈ ಕಡೆ ತಿರುಗಿದ, ಆಗ ಅವನ ಮುಖ —