ಮೂವತ್ತೇಳನೇ ಮೀಟರಿನ ಕೆಂಪು ಕಡ್ಡಿ

ಹಾಸ್ಟೆಲ್, ಹನ್ನೊಂದನೇ ನಂಬರ್ ರೂಮು
ಮಾರ್ಚ್ ೯, ಶನಿವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತಾ? ಕೊರೆಯುವ ಯಂತ್ರದ ಪಕ್ಕ ನಿಂತಾಗ ಕಿವಿಗೆ ಹತ್ತಿ ಇಟ್ಟುಕೋ ಅಂತ ಎಷ್ಟು ಸಲ ಬಡಕೊಂಡರೂ ನೀನು ಕೇಳುವ ಪೈಕಿ ಅಲ್ಲ. ಫೋನು ಮಾಡೋಣ ಅಂದುಕೊಂಡೆ, ಆದರೆ ಗಣಿ ಕ್ಯಾಂಪಿನಲ್ಲಿ ನೀನು ಫೋನು ಎತ್ತಿದರೆ ಸುತ್ತ ಹತ್ತು ಕಿವಿ ನೆಟ್ಟಗಾಗುತ್ತವೆ. ಅದಕ್ಕೇ ಈ ಕಾಗದ. ಅಮ್ಮ ಚೆನ್ನಾಗಿದ್ದಾಳೆ. ನಿನ್ನ ಮಂಚದ ಕೆಳಗಿನ ಮರದ ತುಂಡುಗಳನ್ನೆಲ್ಲ ಒಂದು ದಿನ ಒಲೆಗೆ ಹಾಕ್ತೀನಿ ಅಂತ ಹೆದರಿಸುತ್ತಿದ್ದಾಳೆ. ಬೆರಳುದ್ದ ಮರ ಸಿಕ್ಕರೂ ಎಸೆಯಲು ಮನಸ್ಸು ಬರದೆ ಗೋಣಿದಾರದಲ್ಲಿ ಕಟ್ಟಿಡುವ ಮಹಾರಾಯ ನೀನು. ಕ್ಯಾಂಪಿನ ಮಂಚದ ಕೆಳಗೂ ಅದೇ ಸಂಸಾರ ಇರುತ್ತೆ ಬಿಡು.

ಮಗಳು ಏನು ಓದ್ತಾಳೆ ಅಂತ ಕೇಳಿದವರಿಗೆ, ಬೆಳಿಗ್ಗೆ ಕಲ್ಲು ಓದ್ತಾಳೆ, ಮಧ್ಯಾಹ್ನ ಕಲ್ಲಿನ ಬೆಲೆ ಓದ್ತಾಳೆ ಅಂತ ಹೇಳುತ್ತೀಯಂತೆ. ಸರಿಯಾಗೇ ಹೇಳಿದ್ದೀಯ. ಬೆಳಿಗ್ಗೆ ಭೂವಿಜ್ಞಾನ, ಊಟವಾದ ಮೇಲೆ ಸಂಪನ್ಮೂಲಗಳ ಅರ್ಥಶಾಸ್ತ್ರ. ನಿಜ ಹೇಳ್ತೀನಿ, ಈ ವಾರ ಆ ಮಧ್ಯಾಹ್ನದ ತರಗತಿಯಿಂದ ಹೊರಗೆ ಬಂದವಳು ನಲ್ಲಿಗೆ ಹೋಗಿ ಮುಖ ತೊಳೆದುಕೊಂಡೆ, ಅಷ್ಟು ಹೇಸಿಗೆಯಾಯಿತು. ಪಾಠ ಮಾಡುವವರಿಗೆ ನಾವು ಇಸ್ತ್ರಿ ಮೇಷ್ಟ್ರು ಅಂತ ಹೆಸರಿಟ್ಟಿದ್ದೇವೆ. ಅಂಗಿಯಲ್ಲಿ ಒಂದು ಸುಕ್ಕು ಇಲ್ಲ, ಮಾತಿನಲ್ಲೂ ಇಲ್ಲ. ನಮ್ಮ ಪ್ರಾಜೆಕ್ಟಿಗೆ ಅವರೇ ಗೈಡು. ಗಣಿಯಿಂದ ತೆಗೆದ ಬೇಡದ ಮಣ್ಣನ್ನು ನಿಮ್ಮ ಕ್ಯಾಂಪಿನ ಗುಡ್ಡದ ಇಳಿಜಾರಿನಲ್ಲಿ ರಾಶಿ ಹಾಕಬಹುದೋ ಇಲ್ಲವೋ ಅಂತ ಹೇಳುವುದು ನಮ್ಮ ಕೆಲಸ. ಬುಡದಲ್ಲಿ ನಲವತ್ತು ಮನೆ, ಒಂದು ಶಾಲೆ. ರಾಶಿ ಇಪ್ಪತ್ತು ವರ್ಷದ ಮೇಲೆ ಜಾರಿದರೆ ಆ ನಷ್ಟಕ್ಕೆ ಇವತ್ತಿನ ಲೆಕ್ಕದಲ್ಲಿ ಬೆಲೆಯೇ ಇಲ್ಲ ಅಂತ ಬೋರ್ಡಿನ ಮೇಲೆ ಬರೆದು ತೋರಿಸಿದರು. ದೂರದ ನಷ್ಟ ವರ್ಷ ವರ್ಷಕ್ಕೂ ಸಣ್ಣದಾಗುತ್ತಾ ಹೋಗುತ್ತದಂತೆ. ಶಾಲೆಯ ಮಕ್ಕಳು ಮಾತ್ರ ವರ್ಷ ವರ್ಷಕ್ಕೂ ದೊಡ್ಡವರಾಗುತ್ತಾರೆ ಅಂತ ನನ್ನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಅದಕ್ಕೂ ನನ್ನ ಮೇಲೆ ನನಗೇ ಅಸಹ್ಯವಾಗಿದೆ.

ಇದು ಬರೀ ಪಾಠವಾಗಿದ್ದರೆ ಹಾಳಾಗಿ ಹೋಗಲಿ ಅಂತ ಸುಮ್ಮನಿರುತ್ತಿದ್ದೆ. ಗುರುವಾರ ಆ ಗುಡ್ಡದಲ್ಲಿ ಕೊರೆದು ತೆಗೆದ ಕಲ್ಲಿನ ಕೋಲುಗಳು ಪೆಟ್ಟಿಗೆಗಳಲ್ಲಿ ನಮ್ಮ ಲ್ಯಾಬಿಗೆ ಬಂದವು. ನೀನು ಕೊರೆದದ್ದು ಅಂತ ಗೊತ್ತಾಗಿ ನನಗೆ ಹಿಗ್ಗೋ ಹಿಗ್ಗು. ಆರು ವರ್ಷದವಳಿದ್ದಾಗ ನನ್ನನ್ನು ತೊಡೆ ಮೇಲೆ ಕೂರಿಸಿಕೊಂಡು ಮುರಿದ ಎರಡು ತುಂಡುಗಳ ತುದಿ ಕೂಡಿಸಿ ತೋರಿಸುತ್ತಿದ್ದೆಯಲ್ಲ, ಹಾಗೇ ಒಂದೊಂದನ್ನೂ ಕೂಡಿಸುತ್ತಾ ಹೋದೆ. ಮೂವತ್ತೇಳು ಮೀಟರ್ ಆಳದವರೆಗೆ ಹಲ್ಲಿಗೆ ಹಲ್ಲು ಕೂತಿತು. ಮೂವತ್ತೇಳರಿಂದ ಮೂವತ್ತೊಂಬತ್ತರವರೆಗಿನ ಕಲ್ಲು ಮಾತ್ರ ಆಚೆಯದಕ್ಕೂ ಕೂಡಲಿಲ್ಲ, ಈಚೆಯದಕ್ಕೂ ಕೂಡಲಿಲ್ಲ. ಬಣ್ಣವೂ ಒಂಚೂರು ಬೇರೆ. ಇನ್ನೆಲ್ಲಿಂದಲೋ ತಂದು ತುರುಕಿದ ಕಲ್ಲು. ಎತ್ತಿ ನೋಡಿದರೆ ಪೆಟ್ಟಿಗೆಯ ತಳಕ್ಕೆ ಕೆಂಪು ಬಣ್ಣ ಮೆತ್ತಿಕೊಂಡಿದೆ, ಎರಡು ಮೀಟರ್ ಉದ್ದಕ್ಕೂ.

ಆ ಕೆಂಪು ನನಗೆ ಗೊತ್ತಿಲ್ಲವಾ ಅಪ್ಪಾ? ಕೆಳಗೆ ಮೆತ್ತನೆ ಕೆಸರು ಸಿಕ್ಕಿ, ನೀರಿನಲ್ಲಿ ಕೊಚ್ಚಿಹೋಗಿ, ಕೈಗೆ ಕಲ್ಲೇ ಬಾರದ ಕಡೆ ಅಷ್ಟೇ ಉದ್ದದ ಮರದ ಕಡ್ಡಿಗಳನ್ನು ಕೊಯ್ದು, ಕೆಂಪು ಬಣ್ಣ ಬಳಿದು ಇಡುವವನು ನೀನೊಬ್ಬನೇ. ಬೇರೆಯವರು ಜಾಗ ಖಾಲಿ ಬಿಟ್ಟು ಕೈತೊಳೆದುಕೊಳ್ಳುತ್ತಾರೆ. ಇಲ್ಲದ್ದನ್ನು ಇಲ್ಲ ಅಂತ ಕಾಣೋ ಹಾಗೆ ಇಡಬೇಕು ಅನ್ನುತ್ತಿದ್ದೆಯಲ್ಲ. ಅಂದರೆ ಗುಡ್ಡದ ಹೊಟ್ಟೆಯಲ್ಲಿ ಎರಡು ಮೀಟರ್ ಕೆಸರಿದೆ. ಮೇಲೆ ರಾಶಿ ಹಾಕಿ ನಾಲ್ಕು ಮಳೆ ಬಿದ್ದರೆ ಎಲ್ಲಾ ಜಾರಿ ಆ ಮನೆಗಳ ಮೇಲೆ ಬೀಳುತ್ತೆ. ಇಪ್ಪತ್ತು ವರ್ಷವೂ ಬೇಕಾಗಿಲ್ಲ. ಕಲ್ಲು ತುಂಬಿಸಿ ಎಲ್ಲರ ಕಣ್ಣಿಗೆ ಮಣ್ಣೆರಚಿದ್ದಾರೆ, ಥೂ. ಮೇಷ್ಟ್ರಿಗೆ ತೋರಿಸಿದೆ. ಕನ್ನಡಕ ತೆಗೆದು ಒರೆಸಿಕೊಂಡು, "ತುದಿ ಕೂಡದಿದ್ದರೆ ಏನಮ್ಮಾ, ವರದಿ ಕೂಡಿದೆಯಲ್ಲ" ಅಂದರು. ರಾಶಿ ಹಾಕಬಹುದು ಅನ್ನುವ ಆ ವರದಿಗೆ ಜೊತೆಯ ಮೂವರು ಆಗಲೇ ಸಹಿ ಹಾಕಿಯಾಗಿದೆ. ಸೋಮವಾರದ ಒಳಗೆ ನಾನೂ ಹಾಕಬೇಕು, ಇಲ್ಲದಿದ್ದರೆ ಈ ವರ್ಷ ಹೋಯಿತು ಅಂತಲೂ ನಯವಾಗಿ ತಿಳಿಸಿದರು. ಹಾಕುವುದಿಲ್ಲ ಅಂದೆ. ಪುರಾವೆ ಏನಿದೆ ಅಂತ ಕೇಳಿದರು, ಪೆಟ್ಟಿಗೆಗೆ ಮೆತ್ತಿದ ಬಣ್ಣವೂ ಒಂದು ಪುರಾವೆಯಾ ಅಂತ ನಕ್ಕರು. ಇದು ನಿಮ್ಮ ಕ್ಯಾಂಪಿನ ಆಫೀಸರನ ಕೈವಾಡ ಅಂತ ಇಡೀ ರಾತ್ರಿ ಅವನಿಗೆ ಮನಸಾರೆ ಬೈದೆ.

ಹೊತ್ತು ಹೊತ್ತಿಗೆ ಊಟ ಮಾಡು. ನಿನ್ನನ್ನು ಹೆಡ್ ಡ್ರಿಲ್ಲರ್ ಮಾಡಿದರು ಅಂತ ಹೋದ ತಿಂಗಳು ನೀನು ಬರೆದಿದ್ದೆ, ನಾನು ಉತ್ತರ ಹಾಕಿರಲಿಲ್ಲ. ಆ ಸಂತೋಷದ ಮಾತು ಈಗ ಬರೆಯಲು ಕೈ ಏಳುತ್ತಿಲ್ಲ, ತಪ್ಪು ತಿಳಿಯಬೇಡ. ಸೊಂಟಕ್ಕೆ ಬಿಸಿನೀರು ಹಾಕಿಕೋ.

ನಿನ್ನ ಮಗಳು,
ಗುಂಡುಕಲ್ಲು

ಮರೆತದ್ದು: ಮರೆತದ್ದೇನಲ್ಲ, ಬರೆಯಲು ಆಗಿರಲಿಲ್ಲ. ಆ ತುರುಕಿದ ಕಲ್ಲಿನ ಪಕ್ಕದಲ್ಲಿ ಆಳ ಬರೆದ ಮರದ ತುಂಡು ಹೊಸದು. ಅದರ ಮೇಲೆ 37 ಅಂತಿದೆ, ಏಳರ ಹೊಟ್ಟೆಗೆ ಅಡ್ಡಗೆರೆ. ಹಾಗೆ ಏಳು ಬರೆಯುವುದು ನೀನು, ನಿನ್ನಿಂದ ಕಲಿತ ನಾನು, ಇಬ್ಬರೇ. ಯಾಕೆ ಮಾಡಿದೆ, ಯಾರು ಹೆದರಿಸಿದರು ಅಂತ ಬರೆಯಬೇಡ, ಓದಲು ನನ್ನಿಂದಾಗದು. ಅಲ್ಲಿಂದ ತೆಗೆದ ಕೆಂಪು ಕಡ್ಡಿಗಳನ್ನು ನೀನು ಎಸೆದಿರುವುದಿಲ್ಲ. ಮಂಚದ ಕೆಳಗೆ, ಗೋಣಿದಾರದಲ್ಲಿ ಕಟ್ಟಿ ಇಟ್ಟಿರುತ್ತೀಯ. ಕಟ್ಟು ಬಿಚ್ಚದೆ ಹಾಗೇ ಕಳಿಸು ಅಪ್ಪಾ. ಇಲ್ಲಿ ಪೆಟ್ಟಿಗೆಯೊಳಗೆ ಅದರ ಜಾಗ ಖಾಲಿ ಮಾಡಿಟ್ಟಿದ್ದೇನೆ.